ಬ್ಯಾಗು ಗ್ಯಾರೇಜಿನಲ್ಲಿ ಕೊಳೆಯದಿರಲಿ: ಹಿಮದೂರಿನ ಕನ್ನಡ ಗಾಲ್ಫ್ ಬಳಗಕ್ಕೊಂದು ಬಹಿರಂಗ ಪತ್ರ

ಮಿನ್ನೆಸೋಟ, ವಿಸ್ಕಾನ್ಸಿನ್, ಇಲಿನಾಯ್, ಮಿಶಿಗನ್, ಒಂಟಾರಿಯೊಗಳಲ್ಲಿ ನೆಲೆಸಿ ವಾರಾಂತ್ಯಕ್ಕೆ ಗಾಲ್ಫ್ ಆಡುವ ಕನ್ನಡದ ಅಣ್ಣಂದಿರಿಗೆ, ಅಕ್ಕಂದಿರಿಗೆ, ಗೆಳೆಯ ಗೆಳತಿಯರಿಗೆ,



ನವೆಂಬರ್ 1 ನಮಗೆ ರಾಜ್ಯೋತ್ಸವ. ಅದೇ ದಿನ ಮಿನ್ನೆಸೋಟ, ವಿಸ್ಕಾನ್ಸಿನ್‌ಗಳ ಗಾಲ್ಫ್ ಸಂಘಗಳು ಹ್ಯಾಂಡಿಕ್ಯಾಪ್ ಲೆಕ್ಕದ ಬಾಗಿಲು ಹಾಕುತ್ತವೆ. ಅಲ್ಲಿಂದ ಮಾರ್ಚ್ 31ರವರೆಗೆ ಈ ರಾಜ್ಯಗಳಲ್ಲಿ ಆಡಿದ ಯಾವ ಸುತ್ತೂ ಲೆಕ್ಕಕ್ಕೆ ಬರುವುದಿಲ್ಲ. ಕನ್ನಡ ಕೂಟದ ಸಮಾರಂಭದಲ್ಲಿ ಊಟದ ಸಾಲಿನಲ್ಲಿ ನಿಂತು, ಕೈಯಲ್ಲಿ ಬಿಸಿಬೇಳೆಬಾತಿನ ತಟ್ಟೆ ಹಿಡಿದು, "ಇನ್ನೇನು, ಈ ವರ್ಷದ್ದು ಮುಗೀತಲ್ಲ" ಎಂದು ಒಬ್ಬರಿಗೊಬ್ಬರು ಸಂತಾಪ ಹೇಳಿಕೊಳ್ಳುವುದು ನಮ್ಮಲ್ಲಿ ವಾಡಿಕೆಯೇ ಆಗಿಬಿಟ್ಟಿದೆ. ಮನೆಗೆ ಹೋಗಿ ಬ್ಯಾಗನ್ನು ಗ್ಯಾರೇಜಿನ ಮೂಲೆಗೆ ಒರಗಿಸಿದರೆ ಮತ್ತೆ ಅದರ ನೆನಪಾಗುವುದು ಯುಗಾದಿಯ ಹೊತ್ತಿಗೆ.

ಏಪ್ರಿಲ್‌ನಲ್ಲಿ ನಮ್ಮ ಮಾತುಕತೆಯೂ ಪ್ರತಿ ವರ್ಷ ಒಂದೇ. ಒಬ್ಬರಿಗೆ ಗ್ರಿಪ್ ಕೈಯಲ್ಲಿ ನಿಲ್ಲುವುದಿಲ್ಲ. ಇನ್ನೊಬ್ಬರಿಗೆ ಮೊದಲ ಟೀಯಲ್ಲೇ ಸೊಂಟ ಹಿಡಿದುಕೊಂಡಿದೆ. ಮತ್ತೊಬ್ಬರ ಬ್ಯಾಟರಿ ಗಾಡಿ ಮೂರನೆಯ ಹೋಲಿಗೇ ಉಸಿರು ಬಿಟ್ಟಿದೆ. ಇದಕ್ಕೆಲ್ಲ ಔಷಧಿ ಎಂಬಂತೆ ಮಾರ್ಚ್‌ನಲ್ಲೇ ಐನೂರು ಆರುನೂರು ಡಾಲರಿನ ಹೊಸ ಡ್ರೈವರ್ ಮನೆಗೆ ಬಂದಿರುತ್ತದೆ. ಕುಣಿಯಲಾರದವಳಿಗೆ ನೆಲ ಡೊಂಕು ಎನ್ನುವ ಗಾದೆಯನ್ನು ಕಟ್ಟಿದವರು ಗಾಲ್ಫ್ ನೋಡಿರಲಿಲ್ಲ, ಆದರೆ ನಮ್ಮನ್ನು ಚೆನ್ನಾಗಿ ಬಲ್ಲವರೇ ಇರಬೇಕು.

ಈ ಪತ್ರ ಬರೆಯುವುದಕ್ಕೆ ಕಾರಣ ಇಷ್ಟೇ. ಹಿಮದೂರಿನಲ್ಲಿ ಚಳಿಗಾಲವೆಂದರೆ ಗಾಲ್ಫಿಗೆ ರಜೆಯಲ್ಲ, ಖರೀದಿಯ ಕಾಲವಂತೂ ಅಲ್ಲವೇ ಅಲ್ಲ. ಅದು ರಿಪೇರಿಯ ಕಾಲ. ಅಂಕದ ಹಂಗಿಲ್ಲದ ಐದು ತಿಂಗಳು ವರ್ಷದಲ್ಲಿ ಇನ್ಯಾವಾಗ ಸಿಗುತ್ತದೆ? ಇದ್ದ ಸಾಮಾನನ್ನು ನೆಟ್ಟಗಿಡುವುದಕ್ಕೂ ಇದ್ದ ಮೈಯನ್ನು ನೆಟ್ಟಗಿಡುವುದಕ್ಕೂ ಈ ಐದು ತಿಂಗಳೇ ಸರಿ.

ಮೊದಲು ಗ್ಯಾರೇಜಿನ ವಿಚಾರ. ಕ್ಲಬ್ಬುಗಳನ್ನು ಹಾಳು ಮಾಡುವುದು ಚಳಿ ಎಂದು ಬಹಳ ಜನ ನಂಬಿದ್ದಾರೆ. ಚಳಿಯೊಂದರಿಂದಲೇ ಉಕ್ಕಿಗೆ ಏನೂ ಆಗುವುದಿಲ್ಲ. ಹಾಳು ಮಾಡುವುದು ಚಳಿ ಮತ್ತು ತೇವ ಒಂದಾದ ಮೇಲೆ. ಜನವರಿಯ ಒಂದು ಸಂಜೆ ನೆನಪು ಮಾಡಿಕೊಳ್ಳಿ. ಕೆಲಸ ಮುಗಿಸಿ ಬರುವ ಕಾರಿನ ಅಡಿಯಲ್ಲಿ, ಚಕ್ರದ ಮೇಲಿನ ಕಮಾನಿನಲ್ಲಿ ಹಿಮ ಹೆಪ್ಪುಗಟ್ಟಿ ನೇತಾಡುತ್ತಿರುತ್ತದೆ. ಅದರಲ್ಲಿ ರಸ್ತೆಗೆ ಸುರಿದ ಉಪ್ಪೂ ಬೆರೆತಿರುತ್ತದೆ. ಕಾರು ಒಳಗೆ ಬರುತ್ತದೆ, ಬಾಗಿಲು ಮುಚ್ಚುತ್ತದೆ, ಬಿಸಿ ಎಂಜಿನ್ನು ಗಂಟೆಗಟ್ಟಲೆ ಶಾಖ ಬಿಡುತ್ತದೆ. ಹಿಮ ಕರಗಿ ನೆಲದ ಮೇಲೆ ಬೂದುಬಣ್ಣದ ಉಪ್ಪುನೀರಿನ ಮಡು ನಿಲ್ಲುತ್ತದೆ. ಆ ತೇವವೆಲ್ಲ ಗಾಳಿಗೇರಿ ಹೋಗಿ ಕೂರುವುದು ಅಲ್ಲಿರುವ ಅತಿ ತಣ್ಣನೆಯ ವಸ್ತುವಿನ ಮೇಲೆ. ಅದು ನಿಮ್ಮ ಏಳನೆಯ ಐರನ್ನೇ ಆಗಿರಬಹುದು. ಬೆಳಿಗ್ಗೆ ಮತ್ತೆ ಬಾಗಿಲು ತೆರೆಯುತ್ತೀರಿ, ಮತ್ತೆ ಎಲ್ಲ ಮರಗಟ್ಟುತ್ತದೆ. ಮಾರ್ಚ್‌ವರೆಗೆ ದಿನವೂ ಇದೇ ಕಥೆ.

ಹೊರಮೈಗೆ ಕ್ರೋಮ್ ಲೇಪ ಇರುವುದರಿಂದ ಐರನ್ನುಗಳು ತಡೆದುಕೊಳ್ಳುತ್ತವೆ. ಉಕ್ಕಿನ ಶಾಫ್ಟಿನ ಕಥೆ ಬೇರೆ. ಅದು ಪೊಳ್ಳು ಕೊಳವೆ. ಗ್ರಿಪ್ಪಿನ ತುದಿಯಲ್ಲಿರುವ ಸಣ್ಣ ತೂತಿನಿಂದ ನೀರು ಒಳಗಿಳಿದರೆ ಹೊರಬರಲು ದಾರಿಯಿಲ್ಲ. ಮೇಲೆ ಥಳಕು, ಒಳಗೆ ಹುಳುಕು. ಬ್ಯಾಗಿನಿಂದ ಒಂದೊಂದೇ ಕ್ಲಬ್ ತೆಗೆದು ತಲೆಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿ. ಒಳಗೆ ಪುಡಿ ಸರಿದಾಡುವ ಸದ್ದು ಬಂದರೆ ಅದು ಒಣಗಿದ ಅಂಟಿನ ಚೂರಿರಬಹುದು, ತುಕ್ಕಿನ ಹುಡಿಯೂ ಇರಬಹುದು. ಅಂಥದ್ದನ್ನು ಅಂಗಡಿಯವರಿಗೆ ತೋರಿಸುವುದೇ ಕ್ಷೇಮ. ಲೇಪವಿಲ್ಲದ ವೆಜ್‌ಗಳನ್ನು ಇಷ್ಟಪಡುವವರು ನಮ್ಮಲ್ಲಿ ಕೆಲವರಿದ್ದಾರೆ. ಅವುಗಳ ಮುಖಕ್ಕೆ ತೆಳುವಾದ ತುಕ್ಕು ಬರಲೆಂದೇ ಹಾಗೆ ಮಾಡಿರುವುದು, ಅದಕ್ಕೆ ಗಾಬರಿ ಬೇಡ. ಆದರೆ ಐದು ತಿಂಗಳು ಬಿಟ್ಟುಹೋಗುವ ಮುನ್ನ ಒಂದು ಹನಿ ಎಣ್ಣೆ ಬಟ್ಟೆಗೆ ಹಾಕಿ ಒರೆಸಿಡಿ.

ತೊಳೆಯುವ ಕೆಲಸಕ್ಕೆ ಬಕೆಟ್ಟಿನಲ್ಲಿ ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪಿನ ನಾಲ್ಕು ಹನಿ, ಹಳೆಯ ಹಲ್ಲುಜ್ಜುವ ಬ್ರಷ್ಷು ಸಾಕು. ತಂತಿ ಬ್ರಷ್ ಬೇಡ, ಅದು ಮುಖವನ್ನು ಕೆರೆಯುತ್ತದೆ. ಗೀರುಗಳಲ್ಲಿ ಕೂತ ಒಣಮಣ್ಣು ಬಿಡದಿದ್ದರೆ ಮರದ ಟೀಯ ಚೂಪಾದ ತುದಿಯಿಂದ ಕೆದಕಿ. ತಲೆ ಮುಳುಗಿದರೆ ಸಾಕು. ತಲೆಯೂ ಶಾಫ್ಟೂ ಕೂಡುವಲ್ಲಿ ಕಪ್ಪು ಪ್ಲಾಸ್ಟಿಕ್ ಬಳೆ ಇದೆಯಲ್ಲ, ಅದನ್ನು ನೀರಿನಲ್ಲಿ ನೆನೆಹಾಕಬಾರದು. ಡ್ರೈವರನ್ನು ಬಕೆಟ್ಟಿಗೆ ಹಾಕಲೇಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಆಯಿತು. ಆಮೇಲೆ ಎಲ್ಲವನ್ನೂ ಟವೆಲ್ ಮೇಲೆ ಹರಡಿ ಒಂದು ರಾತ್ರಿ ಪೂರ್ತಿ ಒಣಗಲು ಬಿಡಬೇಕು. ಒದ್ದೆ ಕ್ಲಬ್ಬಿಗೆ ಉಣ್ಣೆಯ ಟೋಪಿ ತೊಡಿಸಿಟ್ಟರೆ ತುಕ್ಕಿಗೆ ನಾವೇ ಹಾಸಿಗೆ ಹಾಸಿಕೊಟ್ಟಂತೆ.

ಬ್ಯಾಗಿನ ಜೇಬುಗಳನ್ನು ಮರೆಯಬೇಡಿ. ನಮ್ಮವರ ಬ್ಯಾಗಿನ ಜೇಬಿನಲ್ಲಿ ಕೋಡುಬಳೆಯ ಚೂರು, ಕಾಂಗ್ರೆಸ್ ಕಡಲೆಬೀಜ, ಯಾರದೋ ಮನೆಯ ಗೃಹಪ್ರವೇಶದ ಮೈಸೂರ್ ಪಾಕು ಇದ್ದೇ ಇರುತ್ತದೆ. ಚಳಿ ಶುರುವಾದೊಡನೆ ಈ ಊರುಗಳ ಇಲಿಗಳು ಬೆಚ್ಚಗಿನ ಗ್ಯಾರೇಜು ಹುಡುಕಿಕೊಂಡು ಬರುತ್ತವೆ. ತಿಂಡಿ ಖಾಲಿಯಾದ ಮೇಲೆ ಅವು ಕೈಗವಸಿನ ಚರ್ಮಕ್ಕೆ, ಬ್ಯಾಗಿನ ಅಸ್ತರಿಗೆ ಬಾಯಿ ಹಾಕುತ್ತವೆ. ಜೇಬನ್ನೆಲ್ಲ ತಲೆಕೆಳಗಾಗಿ ಕೊಡವಿ, ವ್ಯಾಕ್ಯೂಮ್ ಹಿಡಿದು, ಬ್ಯಾಗನ್ನು ಮನೆಯೊಳಗೆ ತನ್ನಿ. ಬೇಸ್‌ಮೆಂಟ್ ಒಣಗಿದ್ದರೆ ಅಲ್ಲಿ, ಇಲ್ಲದಿದ್ದರೆ ಕೋಟು ತೂಗುಹಾಕುವ ಕ್ಲಾಸೆಟ್ಟಿನಲ್ಲಿ ಇಡಿ. ಕಾರಿನ ಡಿಕ್ಕಿ ಮಾತ್ರ ಯಾವ ಕಾಲಕ್ಕೂ ಬೇಡ. ಬೇಸಿಗೆಯಲ್ಲಿ ಅದರ ಕಾವು ತಲೆ ಹಿಡಿದಿರುವ ಎಪಾಕ್ಸಿ ಅಂಟನ್ನು ಸಡಿಲ ಮಾಡುತ್ತದೆ, ಚಳಿಗಾಲದಲ್ಲಿ ಗ್ರಿಪ್ಪಿನ ರಬ್ಬರು ಸೆಟೆದು ಸೀಳುತ್ತದೆ.

ಗಾಡಿಯ ಬ್ಯಾಟರಿಯದು ಎರಡು ಮಾತಿನಲ್ಲಿ ಮುಗಿಯುತ್ತದೆ. ಲಿಥಿಯಂ ಬ್ಯಾಟರಿಯನ್ನು ಪೂರ್ತಿ ತುಂಬಿಸಿಯೂ ಇಡಬಾರದು, ಪೂರ್ತಿ ಬರಿದಾಗಿಸಿಯೂ ಇಡಬಾರದು. ಅರ್ಧದ ಆಸುಪಾಸಿನಲ್ಲಿ, ತಂಪಾದ ಒಣ ಜಾಗದಲ್ಲಿ, ಮನೆಯೊಳಗೆ ಇಡಿ. ನೀರ್ಗಲ್ಲಾಗುವ ಚಳಿಯಲ್ಲಿ ಗ್ಯಾರೇಜಿನಲ್ಲೇ ಚಾರ್ಜಿಗೆ ಹಾಕಿದರೆ ಅದು ಶಾಶ್ವತವಾಗಿ ಕೆಡುತ್ತದೆ. ಹಳೆಯ ಸೀಸದ ಬ್ಯಾಟರಿ ಇರುವವರಿಗೆ ನಿಯಮ ತಿರುಗುಮುರುಗು: ಅದನ್ನು ಪೂರ್ತಿ ತುಂಬಿಸಿಯೇ ಇಡಬೇಕು. ದೂರ ಅಳೆಯುವ ಲೇಸರ್ ದುರ್ಬೀನಿನ ಸೆಲ್ಲನ್ನು ತೆಗೆದಿಡಿ. ಶೂಗಳ ಮೊಳೆ ಬಿಚ್ಚಿ, ಒಳಗೆ ಹಳೆಯ ಪತ್ರಿಕೆ ತುರುಕಿ. ಆಯಿತು.

ಇನ್ನು ಗ್ರಿಪ್ಪು. ಇದರ ಬಗ್ಗೆ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಏಕೆಂದರೆ ನಮ್ಮ ಬಳಗ ಅತಿ ಹೆಚ್ಚು ಅಲಕ್ಷ್ಯ ಮಾಡುವುದು ಇದನ್ನೇ. ಇಡೀ ಕ್ಲಬ್ಬಿನಲ್ಲಿ ನಮ್ಮ ಮೈಗೆ ತಾಕುವ ಭಾಗ ಇದೊಂದೇ. ಬೆವರು, ಸನ್‌ಸ್ಕ್ರೀನು, ಧೂಳು ಸೇರಿ ರಬ್ಬರು ಮಿರಮಿರ ಹೊಳೆಯತೊಡಗಿದರೆ ಅದು ಸತ್ತ ಲಕ್ಷಣ. ಜಾರುವ ಗ್ರಿಪ್ಪನ್ನು ಮನುಷ್ಯ ತನಗರಿವಿಲ್ಲದೆ ಬಿಗಿಯಾಗಿ ಹಿಡಿಯುತ್ತಾನೆ. ಮುಂಗೈ ಬಿಗಿಯುತ್ತದೆ, ಭುಜ ಬಿಗಿಯುತ್ತದೆ, ಕ್ಲಬ್ಬಿನ ಮುಖ ಹೊತ್ತಿಗೆ ಸರಿಯಾಗಿ ಮುಚ್ಚದೆ ಚೆಂಡು ಬಲಕ್ಕೆ ತೇಲುತ್ತದೆ. ಆಗ ಪಾಪದ ಡ್ರೈವರಿನ ಮೇಲೆ ಗೂಬೆ ಕೂರಿಸಿ ಹೊಸದು ತರುತ್ತೇವೆ. ವರ್ಷಕ್ಕೊಮ್ಮೆ, ಇಲ್ಲವೆ ನಲವತ್ತು ಸುತ್ತಿಗೊಮ್ಮೆ ಗ್ರಿಪ್ ಬದಲಿಸಿ ಎನ್ನುವುದು ಈ ಕಸುಬಿನವರ ಹಳೆಯ ಲೆಕ್ಕ. ಸಾಬೂನಿನಿಂದ ತಿಕ್ಕಿದ ಮೇಲೂ ಅಂಟುಗುಣ ಮರಳದಿದ್ದರೆ ಬದಲಿಸಲೇಬೇಕು.

ಅಂಗಡಿಗೆ ಕೊಡಬಹುದು. ಆದರೆ ಮನೆಯಲ್ಲೇ ಮಾಡುವುದು ಕಷ್ಟವಲ್ಲ, ಮಾಡಿದರೆ ಸಿಗುವ ಖುಷಿಯೂ ಬೇರೆ. ಕ್ಲಬ್ಬನ್ನು ವೈಸಿಗೆ ರಬ್ಬರ್ ಹಿಡಿಕೆಯೊಂದಿಗೆ ಸಿಕ್ಕಿಸಿ. ಕೊಕ್ಕೆಯಂತೆ ಬಾಗಿದ ಬ್ಲೇಡಿನಿಂದ ಹಳೆಯ ಗ್ರಿಪ್ಪನ್ನು ಉದ್ದಕ್ಕೆ, ಮೈಯಿಂದ ಆಚೆಗೆ ಸೀಳಿ. ಗ್ರಾಫೈಟ್ ಶಾಫ್ಟಿನ ಮೇಲೆ ನೇರ ಬ್ಲೇಡು ಓಡಿಸಿದರೆ ಎಳೆಗಳು ಕತ್ತರಿಸಿ ಶಾಫ್ಟೇ ಹೋಗುತ್ತದೆ, ಜೋಕೆ. ಹಳೆಯ ಟೇಪನ್ನು ಬಿಡಿಸುವುದೇ ಇದರಲ್ಲಿ ತಾಳ್ಮೆ ಬೇಡುವ ಕೆಲಸ. ಹೇರ್ ಡ್ರೈಯರಿನಿಂದ ಸ್ವಲ್ಪ ಬಿಸಿ ಕೊಟ್ಟರೆ ಸುಲಿದು ಬರುತ್ತದೆ. ಹೊಸ ಎರಡು ಮುಖದ ಟೇಪು ಅಂಟಿಸುವಾಗ ತುದಿಯಲ್ಲಿ ಅರ್ಧ ಅಂಗುಲ ಹೆಚ್ಚು ಬಿಟ್ಟು, ತಿರುಚಿ ಕೊಳವೆಯ ಬಾಯಿಯೊಳಗೆ ಒತ್ತಿ. ನೀರು ಒಳಗಿಳಿಯುವ ದಾರಿ ಅಲ್ಲಿಗೆ ಬಂದ್. ಹೊಸ ಗ್ರಿಪ್ಪಿನ ತೂತಿಗೆ ಟೀ ಚುಚ್ಚಿ, ಒಳಗೆ ದ್ರಾವಕ ಹೊಯ್ದು, ಬೆರಳಿನಿಂದ ಬಾಯಿ ಮುಚ್ಚಿ ಕುಲುಕಿ, ಅದೇ ದ್ರಾವಕವನ್ನು ಟೇಪಿನ ಉದ್ದಕ್ಕೂ ಸುರಿಯಿರಿ. ಆಮೇಲೆ ಅನುಮಾನಿಸದೆ ಒಂದೇ ಉಸಿರಿಗೆ ನೂಕಬೇಕು. ನಡುವೆ ನಿಂತರೆ ಅಲ್ಲೇ ಕಚ್ಚಿಕೊಳ್ಳುತ್ತದೆ. ಗೆರೆ ಮುಖಕ್ಕೆ ನೇರವಾಗಿದೆಯೇ ನೋಡಿ ಸರಿಪಡಿಸಲು ಒಂದೆರಡು ನಿಮಿಷ ಅವಕಾಶವಿದೆ. ಕಿಟಕಿ ತೆರೆದಿರಲಿ, ಒಲೆ ಹತ್ತಿರ ಬೇಡ, ದ್ರಾವಕದ ಹಬೆಗೆ ಬೆಂಕಿ ತಗುಲೀತು.

ಸಾಮಾನಿನ ಮಾತು ಇಷ್ಟು ಸಾಕು. ಮೈದಾನದ ಕುರಿತು ಒಂದು ವಿನಂತಿ ಇದೆ. ನಮ್ಮ ಬ್ಯಾಗಿಗಿಂತ ಹೆಚ್ಚಿನ ಆರೈಕೆ ಈ ಹೊತ್ತಿನಲ್ಲಿ ಹುಲ್ಲಿಗೆ ನಡೆಯುತ್ತಿರುತ್ತದೆ. ಹಿಮ ಬೀಳುವ ಮುಂಚೆಯೇ ಕೋರ್ಸಿನ ಸಿಬ್ಬಂದಿ ಹುಲ್ಲಿಗೆ ನೀರುಣಿಸುವ ಕೊಳವೆಗಳ ನೀರನ್ನು ಗಾಳಿಯ ಒತ್ತಡದಿಂದ ಊದಿ ಹೊರಹಾಕುತ್ತಾರೆ, ಇಲ್ಲದಿದ್ದರೆ ನೀರು ಗಡ್ಡೆಕಟ್ಟಿ ಕೊಳವೆ ಒಡೆಯುತ್ತದೆ. ಹಿಮದಡಿ ಬೆಳೆಯುವ ಬೂಷ್ಟಿಗೆ ಮೊದಲೇ ಔಷಧಿ ಹೊಡೆಯುತ್ತಾರೆ. ಕೆಲವೆಡೆ ಗ್ರೀನ್‌ಗಳಿಗೆ ಹೊದಿಕೆ ಹಾಕುತ್ತಾರೆ. ಇಷ್ಟಾದ ಮೇಲೂ ಮಂಜುಗಡ್ಡೆಯ ಹಾಳೆ ವಾರಗಟ್ಟಲೆ ಕೂತರೆ ಅಡಿಯಲ್ಲಿ ಹುಲ್ಲು ಉಸಿರುಕಟ್ಟಿ ಸಾಯುತ್ತದೆ. ಹೀಗಿರುವಾಗ ಫೆಬ್ರವರಿಯಲ್ಲಿ ಎರಡು ದಿನ ಬಿಸಿಲು ಬಂತೆಂದು ಮುಚ್ಚಿದ ಕೋರ್ಸಿನ ಬೇಲಿ ದಾಟಿ ಒಂಬತ್ತು ಹೋಲು ಆಡಿ ಬರುವವರಿದ್ದಾರೆ. ನಮ್ಮವರೂ ಇದ್ದಾರೆ, ಹೆಸರು ಬೇಡ. ಮೇಲಿನ ಒಂದಂಗುಲ ಕರಗಿ ಕೆಳಗಿನದು ಇನ್ನೂ ಗಡ್ಡೆಯಾಗಿರುವಾಗ ಗ್ರೀನಿನ ಮೇಲೆ ಕಾಲಿಟ್ಟರೆ ಮೇಲ್ಪದರ ಸರಿದು ಬೇರುಗಳು ತುಂಡಾಗುತ್ತವೆ. ಇಬ್ಬನಿ ಹೆಪ್ಪುಗಟ್ಟಿದ ಬೆಳಿಗ್ಗೆ ನಡೆದರೂ ಅಷ್ಟೇ, ಎಲೆಯ ಕೋಶಗಳು ಒಡೆದು ಎರಡು ಮೂರು ದಿನದಲ್ಲಿ ಹೆಜ್ಜೆಗೆ ಹೆಜ್ಜೆ ಕಪ್ಪು ಗುರುತು ಮೂಡುತ್ತದೆ. ಆ ಹೆಪ್ಪು ಕರಗುವವರೆಗೆ ಆಟ ಶುರುವಿಲ್ಲ ಎಂದು ಸಿಬ್ಬಂದಿ ಹೇಳಿದರೆ ಅವರೊಂದಿಗೆ ವಾದ ಮಾಡಬೇಡಿ.

ಹಿಮದಲ್ಲೂ ಆಡಲೇಬೇಕೆಂಬ ಹುಚ್ಚು ಹೊಸದೇನಲ್ಲ. ಮುಂಬಯಿಯಲ್ಲಿ ಹುಟ್ಟಿದ ರಡ್ಯಾರ್ಡ್ ಕಿಪ್ಲಿಂಗ್ 1892ರಿಂದ 1896ರವರೆಗೆ ವರ್ಮಾಂಟಿನ ಬ್ರ್ಯಾಟಲ್‌ಬರೋ ಬಳಿ ಇದ್ದ. 'ಜಂಗಲ್ ಬುಕ್' ಬರೆದದ್ದು ಅಲ್ಲೇ. ಬಿಳಿ ಹಿಮದಲ್ಲಿ ಬಿಳಿ ಚೆಂಡು ಕಾಣದೆಂದು ಆತ ಚೆಂಡುಗಳಿಗೆ ಕೆಂಪು ಬಣ್ಣ ಬಳಿದು ಆಡುತ್ತಿದ್ದ. ಅವನಿಗೆ ತನ್ನದೇ ಹೊಲವಿತ್ತು, ಯಾರ ಗ್ರೀನನ್ನೂ ತುಳಿಯಲಿಲ್ಲ. ನಮಗೂ ಅಂಥದ್ದೊಂದು ಹುಚ್ಚಿದ್ದರೆ ಕಾಲಿಗೆ ಸ್ಕೀ ಕಟ್ಟಿಕೊಳ್ಳುವುದು ಮೇಲು. ಮಿನ್ನಿಯಾಪೊಲಿಸ್‌ನ ಥಿಯೊಡೋರ್ ವರ್ತ್ ಪಾರ್ಕಿನ ಗಾಲ್ಫ್ ಕೋರ್ಸು ಚಳಿಗಾಲದಲ್ಲಿ ಸ್ಕೀ ಹಾದಿಯಾಗುತ್ತದೆ. 2024ರ ಫೆಬ್ರವರಿಯಲ್ಲಿ ಕ್ರಾಸ್ ಕಂಟ್ರಿ ಸ್ಕೀಯಿಂಗ್ ವಿಶ್ವಕಪ್ಪಿನ ಪಂದ್ಯ ನಡೆದದ್ದೂ ಆ ಪಾರ್ಕಿನಲ್ಲೇ. ಗಾಲ್ಫಿಗೆ ಬೇಕಾದ ತೊಡೆ, ಸೊಂಟ, ದಮ್ಮು ಎಲ್ಲವೂ ಅದರಲ್ಲಿ ಸಿಗುತ್ತದೆ.

ಈಗ ಆಟದ ವಿಷಯಕ್ಕೆ ಬರೋಣ. ಒಳಾಂಗಣ ಸಿಮ್ಯುಲೇಟರ್ ನಮ್ಮ ಬಳಗದ ಹೊಸ ದೇವರು. ಶುಕ್ರವಾರ ರಾತ್ರಿ ನಾಲ್ಕು ಜನ ಸೇರಿ ಪರದೆಯ ಮೇಲೆ ಪೆಬಲ್ ಬೀಚ್ ಆಡಿ, ಎಂಬತ್ತರ ಒಳಗೆ ಮುಗಿಸಿ, ಬೀಗಿ ಬರುತ್ತೇವೆ. ಸ್ನೇಹಕ್ಕೆ ಒಳ್ಳೆಯದು, ನಾನೂ ಹೋಗುತ್ತೇನೆ. ಆದರೆ ಅದನ್ನು ಅಭ್ಯಾಸ ಎಂದು ಕರೆಯಬೇಡಿ. ಅಲ್ಲಿ ನೀವು ನಿಲ್ಲುವುದು ಚಪ್ಪಟೆ ಚಾಪೆಯ ಮೇಲೆ. ಚೆಂಡಿನ ಎರಡಂಗುಲ ಹಿಂದೆ ಕ್ಲಬ್ ಬಿದ್ದರೂ ಚಾಪೆಯ ಮೇಲೆ ಜಾರಿ ಹೋಗಿ ಚೆಂಡನ್ನು ಮುಟ್ಟುತ್ತದೆ. ಪರದೆ ನೂರೈವತ್ತು ಗಜ ತೋರಿಸುತ್ತದೆ. ಅದೇ ಹೊಡೆತ ಮೇ ತಿಂಗಳ ಮೆತ್ತನೆಯ ಹುಲ್ಲಿನಲ್ಲಿ ಹೊಡೆದರೆ ಮಣ್ಣೇ ಮುಂದೆ ಹಾರುತ್ತದೆ, ಚೆಂಡಲ್ಲ. ಜೊತೆಗೆ ಗಟ್ಟಿ ಚಾಪೆಗೆ ಮೇಲಿಂದ ಮೇಲೆ ಬಡಿದು ಮೊಣಕೈ ನೋವು ತಂದುಕೊಂಡವರ ಸಂಖ್ಯೆ ನಮ್ಮಲ್ಲೇ ಕಡಿಮೆಯಿಲ್ಲ.

ಹೋಗುವುದೇ ಆದರೆ ಒಂದು ಟವೆಲ್ ಒಯ್ಯಿರಿ. ಮಡಿಸಿ ಚೆಂಡಿನ ಹಿಂದೆ ನಾಲ್ಕು ಬೆರಳು ಬಿಟ್ಟು ಹಾಸಿ. ಟವೆಲ್ಲಿಗೆ ತಾಗದೆ ಹೊಡೆಯಲು ಬಂದರೆ ಆ ಹೊಡೆತ ಹುಲ್ಲಿನಲ್ಲೂ ನಿಲ್ಲುತ್ತದೆ. ಔಷಧಿ ಅಂಗಡಿಯಲ್ಲಿ ಸಿಗುವ ಪಾದದ ಪೌಡರ್ ಸ್ಪ್ರೇಯನ್ನು ಕ್ಲಬ್ಬಿನ ಮುಖಕ್ಕೆ ಹೊಡೆದುಕೊಂಡು ಆಡಿ. ಬಿಳಿ ಪುಡಿಯ ಮೇಲೆ ಚೆಂಡು ತಗುಲಿದ ಗುರುತು ಸ್ಪಷ್ಟವಾಗಿ ಮೂಡುತ್ತದೆ. ನಡುವಿನಲ್ಲಿ ತಗುಲಿತೋ, ತುದಿಯಲ್ಲೋ, ಬುಡದಲ್ಲೋ ಅದು ಮುಲಾಜಿಲ್ಲದೆ ಹೇಳುತ್ತದೆ. ಪರದೆಯ ಅಂಕಿಗಿಂತ ಆ ಪುಡಿಯನ್ನು ನಂಬಿ. ಸ್ವಿಂಗಿನಲ್ಲಿ ಏನಾದರೂ ದೊಡ್ಡ ಬದಲಾವಣೆ ಮಾಡಬೇಕೆಂದಿದ್ದರೆ ಅದಕ್ಕೂ ಈಗಲೇ ಸಮಯ. ಜೂನ್‌ನಲ್ಲಿ ಸ್ವಿಂಗ್ ಬದಲಿಸ ಹೊರಟವರು ಎರಡೇ ವಾರದಲ್ಲಿ ಹೆದರಿ ಹಳೆಯದಕ್ಕೆ ಮರಳುತ್ತಾರೆ. ಈಗ ಹೆದರಿಸಲು ಸ್ಕೋರ್‌ಕಾರ್ಡೇ ಇಲ್ಲ. ಒಬ್ಬ ಒಳ್ಳೆಯ ಕೋಚ್ ಹತ್ತಿರ ಹೋಗಿ, ಒಂದೇ ಒಂದು ವಿಷಯ ಹೇಳಿಸಿಕೊಂಡು ಬಂದು, ಕನ್ನಡಿಯ ಮುಂದೆ ಚೆಂಡಿಲ್ಲದೆ ನಿಧಾನವಾಗಿ ಮಾಡಿ.

ಸಿಮ್ಯುಲೇಟರಿನಲ್ಲಿ ಅತಿ ದೊಡ್ಡ ಸುಳ್ಳು ಪಟಿಂಗ್. ಆರು ಅಡಿಯೊಳಗೆ ಬಂದರೆ ಸಾಕು, ಯಂತ್ರವೇ ಒಳಗೆ ಹಾಕಿಬಿಡುವಂತೆ ನಾವೇ ಏರ್ಪಾಡು ಮಾಡಿಕೊಂಡಿರುತ್ತೇವೆ. ನಿಜವಾದ ಗಾಲ್ಫಿನಲ್ಲಿ ಅಂಕ ಸೋರಿಹೋಗುವುದು ಅಲ್ಲೇ. ತೂತಿನ ಅಗಲ 4.25 ಅಂಗುಲ. ನೇರವಾದ ಆರು ಅಡಿ ಪಟ್ಟಿನಲ್ಲಿ ಚೆಂಡು ಹೊರಟ ದಿಕ್ಕು ಒಂದೂವರೆ ಡಿಗ್ರಿಗಿಂತ ಸ್ವಲ್ಪ ಹೆಚ್ಚು ತಪ್ಪಿದರೆ ಮುಗಿಯಿತು. ಅಮೆರಿಕದ ಪಿಜಿಎ ಟೂರಿನ ವೃತ್ತಿಪರರೇ ಎಂಟು ಅಡಿಯಿಂದ ಹೆಚ್ಚುಕಡಿಮೆ ಎರಡಕ್ಕೆ ಒಂದನ್ನು ತಪ್ಪಿಸುತ್ತಾರೆ. ನಮ್ಮ ನಿಮ್ಮ ಮಾತು ಬಿಡಿ.

ಹಿಮದೂರಿನ ಮನೆಯಲ್ಲಿ ಚೆನ್ನಾಗಿ ಅಭ್ಯಾಸ ಮಾಡಬಹುದಾದ ಹೊಡೆತವೂ ಇದೊಂದೇ. ಬೇಸ್‌ಮೆಂಟಿನ ಕಾರ್ಪೆಟ್ ಮೇಲೆ ಚೆಂಡಿಟ್ಟು, ಒಂದಡಿ ಮುಂದೆ ಎರಡು ನಾಣ್ಯಗಳನ್ನು ಚೆಂಡು ಹೋಗುವಷ್ಟೇ ಸಂದು ಬಿಟ್ಟು ಇಡಿ. ಆ ಸಂದಿನಲ್ಲಿ ಚೆಂಡು ದಾಟಬೇಕು. ಅಷ್ಟೇ ಆಟ. ಕಾರ್ಪೆಟ್ಟಿನ ವೇಗಕ್ಕೂ ಗ್ರೀನಿನ ವೇಗಕ್ಕೂ ಸಂಬಂಧವಿಲ್ಲದ್ದರಿಂದ ಅಲ್ಲಿ ದೂರವನ್ನು ಕಲಿಯಲು ಹೋಗಬೇಡಿ, ದಿಕ್ಕನ್ನು ಮಾತ್ರ ಕಲಿಯಿರಿ. ದಿನಕ್ಕೆ ಹತ್ತು ನಿಮಿಷ ಸಾಕು, ಅಕ್ಕಿ ಬೇಯುವಷ್ಟು ಹೊತ್ತು.

ಪಟಿಂಗ್‌ನ ಬೆಲೆ ಏನೆಂದು ತಿಳಿಯಲು ನಮಗೆ ದೂರ ಹೋಗಬೇಕಿಲ್ಲ. ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸಿನಲ್ಲಿ, 2021ರ ಆಗಸ್ಟ್‌ನಲ್ಲಿ, ತಾಯಿಯನ್ನೇ ಕ್ಯಾಡಿ ಮಾಡಿಕೊಂಡು ಆಡಿ ನಾಲ್ಕನೆಯವರಾದರು. ಒಂದೇ ಹೊಡೆತದಲ್ಲಿ ಕಂಚು ತಪ್ಪಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಅಂದು ಎಲ್ಲರೂ ನೊಂದುಕೊಂಡರು. ನಮಗೆ ಪಾಠವಿರುವುದು ಇನ್ನೊಂದು ಕಡೆ. ದೂರದಲ್ಲಿ ಆಕೆ ಆ ಮುಂಚೂಣಿಯ ಎಲ್ಲರಿಗಿಂತ ಹಿಂದಿದ್ದರು, ಎದುರಾಳಿಗಳ ಡ್ರೈವ್ ಹಲವು ಸಲ ಹತ್ತಾರು ಗಜ ಮುಂದೆ ಬಿದ್ದಿರುತ್ತಿತ್ತು. ಪಟರ್ ಒಂದನ್ನೇ ನೆಚ್ಚಿಕೊಂಡು ಕೊನೆಯ ಹೋಲಿನವರೆಗೂ ಪದಕದ ಲೆಕ್ಕದಲ್ಲಿ ಉಳಿದರು. ಹೊಸ ಡ್ರೈವರಿನ ಜಾಹೀರಾತು ನೋಡುವಾಗ ಇದನ್ನು ನೆನೆಯಿರಿ.

ಮೈಯ ವಿಚಾರ. ನಮ್ಮಲ್ಲಿ ಹೆಚ್ಚಿನವರು ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವರು. ಪಕ್ಕೆ, ಬೆನ್ನಿನ ಮೇಲ್ಭಾಗ ತಿರುಗುವುದನ್ನೇ ಮರೆತಿರುತ್ತದೆ. ಮೇಲ್ಭಾಗ ತಿರುಗದಿದ್ದಾಗ ಆ ಕೆಲಸವನ್ನು ಸೊಂಟದಿಂದ ವಸೂಲು ಮಾಡುತ್ತೇವೆ. ಸೊಂಟದ ಮೂಳೆಗಳು ಅಷ್ಟು ತಿರುಗಲು ಇರುವಂಥವಲ್ಲ, ಅದಕ್ಕೇ ಏಪ್ರಿಲ್‌ನ ನೋವು. ಸೂರ್ಯ ನಮಸ್ಕಾರ ಒಳ್ಳೆಯದೇ, ಆದರೆ ಅದರಲ್ಲಿ ಬಗ್ಗುವುದಿದೆ, ಬಾಗುವುದಿದೆ, ತಿರುಚುವುದಿಲ್ಲ. ಭಾರದ್ವಾಜಾಸನ, ಪರಿವೃತ್ತ ತ್ರಿಕೋನಾಸನಗಳನ್ನು ಸೇರಿಸಿಕೊಳ್ಳಿ. ಯೋಗ ಒಗ್ಗದವರು ಕುರ್ಚಿಯ ತುದಿಯಲ್ಲಿ ಕೂತು, ಪೊರಕೆಯ ಕೋಲನ್ನು ಹೆಗಲ ಮೇಲೆ ಅಡ್ಡ ಇಟ್ಟು, ಮಂಡಿ ಅಲ್ಲಾಡದಂತೆ ಎರಡೂ ಕಡೆ ತಿರುಗಿದರೂ ಆಯಿತು. ಹಿಮ ಎತ್ತಿ ಹಾಕುವುದನ್ನು ವ್ಯಾಯಾಮ ಎಂದುಕೊಂಡು ಆವೇಶದಲ್ಲಿ ಮಾಡಬೇಡಿ. ಚಳಿಯಲ್ಲಿ ಭಾರ ಎತ್ತುವುದು ಬೆನ್ನಿಗಷ್ಟೇ ಅಲ್ಲ, ಗುಂಡಿಗೆಗೂ ಹೊರೆ. ಐವತ್ತು ದಾಟಿದವರು ಪಕ್ಕದ ಮನೆಯ ಹುಡುಗನಿಗೆ ಇಪ್ಪತ್ತು ಡಾಲರ್ ಕೊಡಿ.

ಡಿಸೆಂಬರ್‌ನಲ್ಲಿ ಊರಿಗೆ ಹೋಗುವವರಿಗೆ ಎರಡು ಮಾತು. ಇಲ್ಲಿ ಬಾಗಿಲು ಹಾಕಿದೆಯೆಂದು ಅಲ್ಲಿ ಆಡಿದ್ದೂ ಲೆಕ್ಕಕ್ಕಿಲ್ಲ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ನಿಯಮ ನೋಡುವುದು ನೀವು ಆಡಿದ ಜಾಗದ ಋತುವನ್ನು, ನಿಮ್ಮ ಮನೆಯ ಋತುವನ್ನಲ್ಲ. ಬೆಂಗಳೂರಿನಲ್ಲಿ ವರ್ಷವಿಡೀ ಆಟವಿರುವುದರಿಂದ ಅಲ್ಲಿ ಜೊತೆಗಾರರೊಂದಿಗೆ ನಿಯಮದಂತೆ ಆಡಿದ ಸುತ್ತನ್ನು ದಾಖಲಿಸಲೇಬೇಕು. ಸ್ಕೋರ್‌ಕಾರ್ಡಿನಿಂದ ಕೋರ್ಸ್ ರೇಟಿಂಗ್, ಸ್ಲೋಪ್ ಬರೆದುಕೊಂಡು ಬನ್ನಿ. ಹ್ಯಾಂಡಿಕ್ಯಾಪ್ ಎಂದರೆ ಕೊನೆಯ 20 ಸುತ್ತಿನಲ್ಲಿ ಒಳ್ಳೆಯ 8ರ ಸರಾಸರಿ. ಊರಿನ ಹಿತವಾದ ಹವೆಯಲ್ಲಿ ಬಂದ ಒಂದು ಒಳ್ಳೆಯ ಅಂಕವನ್ನು ಬಚ್ಚಿಟ್ಟು ಮೇ ತಿಂಗಳ ಪಂದ್ಯಕ್ಕೆ ಹೆಚ್ಚಿನ ಹ್ಯಾಂಡಿಕ್ಯಾಪ್ ಉಳಿಸಿಕೊಳ್ಳುವವರಿಗೆ ಕನ್ನಡದಲ್ಲಿ ಬೇರೆ ಹೆಸರಿದೆ.

ಇನ್ನೊಂದು, ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಶಿಕಾಗೊದಲ್ಲಿ 150 ಗಜ ಹೋಗುವ ಐರನ್ ಅಲ್ಲಿ ನಾಲ್ಕೈದು ಗಜ ಹೆಚ್ಚೇ ಹೋಗುತ್ತದೆ. ಇಲ್ಲಿನ ನವೆಂಬರ್‌ನಲ್ಲಿ ಅದೇ ಕ್ಲಬ್ ಗಿಡ್ಡ ಬೀಳುತ್ತಿದ್ದುದು ನೆನಪಿರಬಹುದು, ತಣ್ಣನೆಯ ಗಾಳಿ ದಟ್ಟ, ತಣ್ಣನೆಯ ಚೆಂಡು ಪುಟಿಯುವುದೂ ಕಡಿಮೆ. (ಹಾಗೆಂದು ಕೈ ಬೆಚ್ಚಗಿಡುವ ರಾಸಾಯನಿಕ ಪೊಟ್ಟಣದಿಂದ ಚೆಂಡನ್ನು ಕಾಯಿಸಿ ಆಡುವಂತಿಲ್ಲ, ಗಾಲ್ಫಿನ ನಿಯಮ 4.2 ಅದನ್ನು ನಿಷೇಧಿಸುತ್ತದೆ. ಚೆಂಡನ್ನು ರಾತ್ರಿ ಮನೆಯೊಳಗಿಟ್ಟು ತಂದರೆ ತಪ್ಪಿಲ್ಲ.) ಬೆಂಗಳೂರಿನ ಗ್ರೀನ್ ಕೂಡ ಬೇರೆ. ಇಲ್ಲಿನದು ಬೆಂಟ್ ಹುಲ್ಲು. ಅಲ್ಲಿನ ಬರ್ಮುಡಾ ನಾವು ಗಣಪತಿಗೆ ಏರಿಸುವ ಗರಿಕೆಯ ಕುಲದ್ದೇ, ಅದು ಒಂದು ಕಡೆಗೆ ಹಬ್ಬಿ ಮಲಗುವುದರಿಂದ ಚೆಂಡನ್ನು ಆ ಕಡೆಗೆ ಎಳೆಯುತ್ತದೆ. 1876ರಲ್ಲಿ ಶುರುವಾದ ಬೆಂಗಳೂರು ಗಾಲ್ಫ್ ಕ್ಲಬ್ಬಿನಲ್ಲಾಗಲಿ ಇನ್ನೆಲ್ಲೇ ಆಗಲಿ, "ಒಂದ್ ಕಪ್ ಲೆಫ್ಟು ಸಾರ್, ಮೆಲ್ಲಗೆ" ಎಂದು ಕ್ಯಾಡಿ ಹೇಳಿದರೆ ಅಮೆರಿಕದ ಜ್ಞಾನವನ್ನು ಪಕ್ಕಕ್ಕಿಟ್ಟು ಒಂದು ಕಪ್ ಎಡಕ್ಕೇ ಹೊಡೆಯಿರಿ. ವಿಮಾನಕ್ಕೆ ಹಾಕುವಾಗ ಡ್ರೈವರಿನ ತಲೆ ಬಿಚ್ಚಿ ಬಟ್ಟೆಯಲ್ಲಿ ಸುತ್ತಿ ಒಳಗಿಡುವುದನ್ನು ಮರೆಯಬೇಡಿ. ಬ್ಯಾಗಿನಲ್ಲಿ ಮೊದಲು ಮುರಿಯುವುದು ಅದೇ.

ಕೊನೆಗೆ ನಾನು ಕೇಳುವುದು ಇಷ್ಟು. ಈ ಶನಿವಾರ ಬ್ಯಾಗನ್ನು ಗ್ಯಾರೇಜಿನಿಂದ ಒಳಗೆ ತನ್ನಿ. ಹೊಸ ಡ್ರೈವರಿನ ಆಸೆ ಇದ್ದರೆ ಏಪ್ರಿಲ್‌ನಲ್ಲಿ ಹಳೆಯದಕ್ಕೆ ಹೊಸ ಗ್ರಿಪ್ ಹಾಕಿ ನಾಲ್ಕು ಸುತ್ತು ಆಡುವವರೆಗೆ ತಡೆಯಿರಿ. ಆಮೇಲೂ ಬೇಕೆನಿಸಿದರೆ ಧಾರಾಳವಾಗಿ ಕೊಳ್ಳಿ. ಕೂಟಗಳ ಪದಾಧಿಕಾರಿಗಳಲ್ಲಿ ಒಂದು ಮನವಿ: ಸಂಕ್ರಾಂತಿ ಕಾರ್ಯಕ್ರಮದ ದಿನ ಸಭಾಂಗಣದ ಹಿಂದೆ ಒಂದು ಮೇಜು ಕೊಡಿಸಿ. ಎಳ್ಳುಬೆಲ್ಲ ಹಂಚಿದ ಮೇಲೆ ಗ್ರಿಪ್ ಬದಲಿಸುವುದನ್ನು ಯಾರಿಗೆ ಬೇಕಾದರೂ ತೋರಿಸಿಕೊಡುತ್ತೇನೆ. ವೈಸು, ಕೊಕ್ಕೆ ಬ್ಲೇಡು, ದ್ರಾವಕ ನನ್ನ ಬಳಿ ಇದೆ. ಗ್ರಿಪ್ಪು, ಟೇಪು ನೀವೇ ತನ್ನಿ.

ಇಂತಿ ನಿಮ್ಮ ಬಳಗದವನೊಬ್ಬ,
ಮಿನ್ನೆಸೋಟ